4ಕೆ ಮಾನಿಟರ್ ತಂದರೆ ಗೇಮ್ ಚೆಂದ ಕಾಣುತ್ತಾ? ಮೊದಲು ಕಾರ್ಡಿನ ಮೆಮೊರಿ ನೋಡಿ

24 ಇಂಚಿನ 1080ಪಿ ಮಾನಿಟರ್, 8 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್, ಈಗ 4ಕೆ ಆಸೆ. 4ಕೆಯಲ್ಲಿ ಗೇಮ್ ಚೆಂದ ಕಾಣುತ್ತಾ, ಅದಕ್ಕೆ ಯಾವ ಕಾರ್ಡ್ ಬೇಕು ಅಂತ ಕೇಳಿದ್ದೀರಿ. ನಿಮ್ಮ ಪ್ರಶ್ನೆ ಓದಿದಾಗ ನನ್ನದೇ ಹಳೇ ಜಾತಕ ನೋಡಿದ ಹಾಗಾಯಿತು. ನಾನೂ 27 ಇಂಚಿನ 4ಕೆ ಮಾನಿಟರ್ ತಂದು 8 ಜಿಬಿ ಕಾರ್ಡಿಗೆ ಸಿಕ್ಕಿಸಿದವನೇ. ವಾರದೊಳಗೆ ಚಿತ್ರ ಹಳೇ ಮಾನಿಟರಿಗಿಂತ ಕೆಟ್ಟದಾಗಿತ್ತು. ಪಿಕ್ಸೆಲ್ (ಪರದೆಯ ಚುಕ್ಕೆ) ಲೆಕ್ಕ ಹಾಕಿದ್ದೆ, ಮೆಮೊರಿ ಲೆಕ್ಕ ಬಿಟ್ಟಿದ್ದೆ.

1080ಪಿಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ನಾಲ್ಕು ಪಟ್ಟು ಕೆಲಸ ಅಂತ ಎಲ್ಲರೂ ಹೇಳ್ತಾರೆ. ಬರೀ ಕೆಲಸ ಜಾಸ್ತಿಯಾದರೆ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಲೆಕ್ಕ) ಇಳಿಯುತ್ತೆ, ನೆರಳು, ಮಂಜು, ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ಲೆಕ್ಕ) ಕಡಿಮೆ ಮಾಡಿದರೆ ಮೇಲೇಳುತ್ತೆ. ಮೆಮೊರಿ ತುಂಬಿ ಚೆಲ್ಲಿದರೆ ಹಾಗಲ್ಲ. ಹಿಡಿಸದ ಟೆಕ್ಸ್ಚರನ್ನು (ಗೋಡೆ, ನೆಲ, ಬಟ್ಟೆಗೆ ಹೊದಿಸೋ ಚಿತ್ರ) ಕಾರ್ಡನ್ನು ನಡೆಸೋ ಸಾಫ್ಟ್‌ವೇರಾದ ಡ್ರೈವರ್ ಕಂಪ್ಯೂಟರಿನ ಮಾಮೂಲಿ ರ್‍ಯಾಮಿಗೆ ತಳ್ಳುತ್ತೆ. ಬೇಕಾದಾಗ ಅದು ಕಾರ್ಡನ್ನು ಮದರ್‌ಬೋರ್ಡಿಗೆ ಜೋಡಿಸೋ ಪಿಸಿಐಇ ದಾರಿಯಲ್ಲೇ ವಾಪಸ್ ಬರಬೇಕು. ನನ್ನ ಕಾರ್ಡಿಗೆ ಇದ್ದದ್ದು ಎಂಟೇ ಲೇನ್, ಮದರ್‌ಬೋರ್ಡ್ ಪಿಸಿಐಇ 3.0. ಅಂದರೆ ಸೆಕೆಂಡಿಗೆ ಹೆಚ್ಚೆಂದರೆ 8 ಜಿಬಿ. ಕಾರ್ಡಿನ ಸ್ವಂತ ಮೆಮೊರಿಯ ವೇಗ 272 ಜಿಬಿ. ಹೆದ್ದಾರಿಯಲ್ಲಿ ಬಂದ ಲಾರಿ ಓಣಿಗೆ ತಿರುಗಿದ ಹಾಗೆ. ಕ್ಯಾಮೆರಾ ತಿರುಗಿಸಿದಾಗಲೆಲ್ಲ ಗೇಮ್ ತಡವರಿಸುತ್ತಿತ್ತು. ಸರಾಸರಿ ಎಫ್‌ಪಿಎಸ್ ಮಾತ್ರ ಪರವಾಗಿಲ್ಲ ಅನ್ನೋ ಹಾಗೆ ತೋರಿಸುತ್ತಿತ್ತು. ಅದಕ್ಕೇ ಕಾರಣ ತಿಳಿಯೋಕೆ ಅಷ್ಟು ದಿನ ಹಿಡಿಯಿತು.

ಆಮೇಲೆ ಮಾಡಿದ್ದು ಇನ್ನೂ ದಡ್ಡತನ. ಗೇಮಿನ ರೆಸಲ್ಯೂಶನ್ (ಪಿಕ್ಸೆಲ್ ಎಣಿಕೆ) 1440ಪಿಗೆ ಇಳಿಸಿದೆ. 4ಕೆ ಪರದೆಯಲ್ಲಿ 1440ಪಿಯ ಒಂದು ಪಿಕ್ಸೆಲ್ ಒಂದೂವರೆ ಪಿಕ್ಸೆಲ್ ಜಾಗದಲ್ಲಿ ಕೂರಬೇಕು. ಅರ್ಧ ಪಿಕ್ಸೆಲ್ ಅನ್ನೋದು ಇಲ್ಲವಲ್ಲ, ಹಾಗಾಗಿ ಅಕ್ಕಪಕ್ಕದ ಬಣ್ಣ ಕಲಸಿ ತುಂಬುತ್ತೆ, ಎಲ್ಲ ಮಸುಕು. ಅದೂ ಸಾಲದೆ ಟೆಕ್ಸ್ಚರ್ 'ಲೋ'ಗೆ ತಂದೆ. ಇಟ್ಟಿಗೆ ಗೋಡೆ ಸುಣ್ಣ ಬಳಿದ ಹಾಗೆ ಕಂಡಿತು. ಮಾಡಬೇಕಿದ್ದದ್ದು ಹೀಗೆ: ಔಟ್‌ಪುಟ್ 4ಕೆಯಲ್ಲೇ ಬಿಟ್ಟು, ಚಿಕ್ಕ ಚಿತ್ರ ಬರೆದು ಅದನ್ನು ಎಐ ಮೂಲಕ ಹಿಗ್ಗಿಸೋ ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಅನ್ನು 'ಪರ್ಫಾರ್ಮೆನ್ಸ್'ಗೆ ಹಾಕೋದು (ಒಳಗೆ 1080ಪಿ ರೆಂಡರ್ ಆಗುತ್ತೆ, 'ಕ್ವಾಲಿಟಿ' ಆದರೆ 1440ಪಿ), ಟೆಕ್ಸ್ಚರನ್ನು 'ಅಲ್ಟ್ರಾ'ದಿಂದ ಒಂದೇ ಮೆಟ್ಟಿಲು ಇಳಿಸೋದು. ಮೆಮೊರಿಯಲ್ಲಿ ಜಾಗ ಇದ್ದರೆ ಟೆಕ್ಸ್ಚರ್ ಎಫ್‌ಪಿಎಸ್ಸನ್ನು ಹೆಚ್ಚುಕಡಿಮೆ ತಿನ್ನೋದೇ ಇಲ್ಲ, ಇಳಿಸೋದಾದರೆ ಅದು ಕೊನೆಗೆ. ಡಿಎಲ್‌ಎಸ್‌ಎಸ್ ಹಾಕಿದ ಕೂಡಲೇ ಮೆಮೊರಿ ಖರ್ಚು 1080ಪಿ ಮಟ್ಟಕ್ಕೆ ಇಳಿಯುತ್ತೆ ಅಂತಲೂ ನಂಬಬೇಡಿ. ಕೊನೆಯ ಚಿತ್ರವನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳೋ ಬಫರ್‌ಗಳು 4ಕೆ ಅಳತೆಯವೇ.

ಈಗ ನಿಮ್ಮ ಪ್ರಶ್ನೆಗೆ. ರೆಸಲ್ಯೂಶನ್ ಏರಿಸಿದರೆ ಅಂಚುಗಳ ಮೆಟ್ಟಿಲು ಸಣ್ಣದಾಗುತ್ತೆ, ದೂರದ ತಂತಿ, ಬೇಲಿ, ಎಲೆ ಮಿನುಗೋದು ಕಡಿಮೆಯಾಗುತ್ತೆ, ಅಕ್ಷರ ಚೂಪಾಗುತ್ತೆ. ಬೆಳಕು, ನೆರಳು, ಪಾತ್ರದ ಮುಖ ಇದ್ದ ಹಾಗೇ ಇರುತ್ತೆ. 1080ಪಿಯಲ್ಲಿ ಪೇಲವವಾಗಿ ಕಾಣೋ ಗೇಮ್ 4ಕೆಯಲ್ಲಿ ಚೂಪಾಗಿ ಪೇಲವವಾಗಿ ಕಾಣುತ್ತೆ.

ಇನ್ನು ದೂರದ ಲೆಕ್ಕ. ಒಳ್ಳೆ ಕಣ್ಣು ಒಂದು ಡಿಗ್ರಿಯಲ್ಲಿ ಸುಮಾರು 60 ಪಿಕ್ಸೆಲ್ ಬಿಡಿಸಿ ನೋಡುತ್ತೆ. 60 ಸೆಂ.ಮೀ. ದೂರ ಕೂತರೆ 24 ಇಂಚಿನ 1080ಪಿ ಕೊಡೋದು ಸುಮಾರು 38, 27 ಇಂಚಿನ 1440ಪಿ 45, 27 ಇಂಚಿನ 4ಕೆ 67. ಮೇಜಿನ ಮೇಲೆ ವ್ಯತ್ಯಾಸ ಖಂಡಿತ ಕಾಣುತ್ತೆ. ಎಂಟು ಅಡಿ ದೂರದ 55 ಇಂಚಿನ ಟಿವಿಯಲ್ಲಿ ಆಡ್ತೀರಾದರೆ 1080ಪಿಯೇ 67 ಕೊಡುತ್ತೆ, ಅಲ್ಲಿ 4ಕೆಗಾಗಿ ಕಾರ್ಡ್ ಬದಲಿಸೋದು ದುಡ್ಡು ದಂಡ.

'4ಕೆಗೆ ಯಾವ ಕಾರ್ಡ್' ಅಂತ ಕೇಳಿದ್ದೀರಿ. ನಾನು ಆ ಪ್ರಶ್ನೆಯನ್ನೇ ಒಪ್ಪಲ್ಲ. ನಿಮಗೆ ಬೇಕಿರೋದು 27 ಇಂಚಿನ 1440ಪಿ ಮತ್ತು 16 ಜಿಬಿ ಕಾರ್ಡ್. ಎನ್‌ವಿಡಿಯಾದ ಆರ್‌ಟಿಎಕ್ಸ್ 5060 ಟಿಐ, ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಎರಡೂ 8 ಮತ್ತು 16 ಜಿಬಿಯಲ್ಲಿ ಒಂದೇ ಹೆಸರಲ್ಲಿ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಡಬ್ಬದ ಮೇಲಿನ ಆ ಒಂದು ಅಂಕಿ ಓದದೆ ದುಡ್ಡು ಕೊಡಬೇಡಿ. ಮದರ್‌ಬೋರ್ಡ್ ಹಳೇ ಪಿಸಿಐಇ 3.0 ಆಗಿದ್ದರೆ 9060 ಎಕ್ಸ್‌ಟಿ ಮೇಲು: ಅದಕ್ಕೆ 16 ಲೇನ್, 5060 ಟಿಐಗೆ ಎಂಟು.

ಅದಕ್ಕೂ ಮೊದಲು ಇರೋ ಮಾನಿಟರಲ್ಲೇ ಪರೀಕ್ಷೆ ಮಾಡಿ, ಖರ್ಚಿಲ್ಲ. ಎನ್‌ವಿಡಿಯಾ ಕಾರ್ಡಾದರೆ ಕಂಟ್ರೋಲ್ ಪ್ಯಾನೆಲ್‌ನ 3ಡಿ ಸೆಟ್ಟಿಂಗ್ಸ್‌ನಲ್ಲಿ 'ಡಿಎಸ್‌ಆರ್ ಫ್ಯಾಕ್ಟರ್ಸ್' ತೆರೆದು 1.78 ಮತ್ತು 4 ಟಿಕ್ ಮಾಡಿ. ಎಎಂಡಿಯಲ್ಲಿ 'ವರ್ಚುವಲ್ ಸೂಪರ್ ರೆಸಲ್ಯೂಶನ್'. ಗೇಮಿನೊಳಗೆ 1440ಪಿ, 4ಕೆ ಎರಡೂ ಬರುತ್ತವೆ, ಕಾರ್ಡಿನ ಮೇಲೆ ಬೀಳೋದು ಹೆಚ್ಚುಕಡಿಮೆ ನಿಜವಾದ 1440ಪಿ, 4ಕೆ ಮಾನಿಟರಿನಷ್ಟೇ ಭಾರ. ಅರ್ಧ ಗಂಟೆ ಆಡಿ ಟಾಸ್ಕ್ ಮ್ಯಾನೇಜರಿನ ಜಿಪಿಯು ಪುಟ ನೋಡಿ. 'ಡೆಡಿಕೇಟೆಡ್' (ಕಾರ್ಡಿನ ಸ್ವಂತ) ಮೆಮೊರಿ ಭರ್ತಿಯಾಗಿ 'ಶೇರ್ಡ್' (ಕಂಪ್ಯೂಟರಿನಿಂದ ಪಡೆದದ್ದು) ಏರುತ್ತಿದ್ದರೆ ನನ್ನ ಕಾಯಿಲೆಯೇ ನಿಮಗೂ. ಆಮೇಲೆ 720ಪಿಗೆ ಇಳಿಸಿ ನೋಡಿ. ಆಗಲೂ ಎಫ್‌ಪಿಎಸ್ ಏರದಿದ್ದರೆ ಪ್ರೊಸೆಸರ್ ಎಳೆಯುತ್ತಿಲ್ಲ ಅಂತ, ಹೊಸ ಕಾರ್ಡ್ ಹಾಕಿದರೂ ಎಫ್‌ಪಿಎಸ್ ಅಲ್ಲೇ ನಿಂತಿರುತ್ತೆ.

ಮಾನಿಟರ್ ಬಂದ ದಿನ ಕೇಬಲನ್ನು ಮದರ್‌ಬೋರ್ಡಿಗೆ ಸಿಕ್ಕಿಸಬೇಡಿ, ಕಾರ್ಡಿಗೇ ಸಿಕ್ಕಿಸಿ, ಆದಷ್ಟೂ ಡಿಸ್‌ಪ್ಲೇಪೋರ್ಟಿಗೆ. ವಿಂಡೋಸ್‌ನ 'ಅಡ್ವಾನ್ಸ್‌ಡ್ ಡಿಸ್‌ಪ್ಲೇ'ಗೆ ಹೋಗಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತೆ) ನೋಡಿ. 165 ಹರ್ಟ್ಸ್ ಮಾನಿಟರ್ ತಂದು ತಿಂಗಳುಗಟ್ಟಲೆ 60ರಲ್ಲೇ ಆಡಿದವರು ಬೇಕಾದಷ್ಟು ಜನ ಇದ್ದಾರೆ.