ತೂಬಿನಿಂದ ಆರಂಭಿಸಿ

ಮಾನ್ಯರೇ,

ಕಿರ್ಗಿಸ್ತಾನ ಮತ್ತು ತಾಜಿಕಿಸ್ತಾನಗಳ ರಾಜತಾಂತ್ರಿಕ ಸಂಬಂಧವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಎರಡು ಬಾರಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಕನ್ನಡದಲ್ಲಿ ಅಪರೂಪವಾದ ವಿಷಯವನ್ನು ನೀವು ಆರಿಸಿಕೊಂಡಿದ್ದೀರಿ. ಅದು ಅರ್ಧಕ್ಕೇ ನಿಲ್ಲಬಾರದೆಂದು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

1993ರ ಜನವರಿಯಲ್ಲಿ ಸಂಬಂಧ ಏರ್ಪಟ್ಟಲ್ಲಿಂದ ಹಿಡಿದು, 2025ರ ಮಾರ್ಚ್ 13ರಂದು ಬಿಷ್ಕೆಕ್‌ನಲ್ಲಿ ಕಿರ್ಗಿಸ್ತಾನದ ಅಧ್ಯಕ್ಷ ಸದಿರ್ ಜಪರೋವ್ ಮತ್ತು ತಾಜಿಕಿಸ್ತಾನದ ಅಧ್ಯಕ್ಷ ಇಮೊಮಾಲಿ ರಹಮಾನ್ ಗಡಿ ಒಪ್ಪಂದಕ್ಕೆ ಸಹಿ ಹಾಕುವವರೆಗೆ ನೀವು ಭೇಟಿಗಳನ್ನು ಒಂದರ ಹಿಂದೆ ಒಂದರಂತೆ ಪೋಣಿಸಿದ್ದೀರಿ. ಯಾರು ಯಾರನ್ನು ಕಂಡರೆಂಬುದು ತಿಳಿಯುತ್ತದೆಯೇ ಹೊರತು, ಅವರು ಯಾವುದಕ್ಕಾಗಿ ಎದುರುಬದುರು ಕುಳಿತರೆಂಬುದು ತಿಳಿಯುವುದಿಲ್ಲ. ಅದರ ಉತ್ತರ ಏಳನೆಯ ಪುಟದ ಒಂದೇ ವಾಕ್ಯದಲ್ಲಿ ಹೂತುಹೋಗಿದೆ: "ಗೊಲೊವ್ನೊಯ್ ಜಲ ವಿತರಣಾ ಮೂಲಸೌಕರ್ಯ ಘಟಕದ ನಿಯಂತ್ರಣದ ವಿಷಯದಲ್ಲಿ ಉದ್ವಿಗ್ನತೆಯು ಭುಗಿಲೆದ್ದಿತು." ನದಿಯ ನೀರನ್ನು ಕಾಲುವೆಗೆ ಬಿಡುವ ಇಂಥ ಕಟ್ಟಡಕ್ಕೆ ನಮ್ಮ ರೈತರ ಬಾಯಲ್ಲಿ ತೂಬು ಎಂಬ ಮಾತಿದೆ. ಆ ಮಾತನ್ನು ಬಳಸಿದೊಡನೆ, ಇಸ್ಫಾರಾ ನದಿಯ ನೀರು ಯಾರ ಹೊಲಕ್ಕೆ ಎಷ್ಟು ಹರಿಯಬೇಕೆಂಬ ಜಗಳ ನಮ್ಮ ಓದುಗರಿಗೆ ವಿವರಣೆಯಿಲ್ಲದೆಯೇ ಅರ್ಥವಾಗುತ್ತದೆ.

2021ರ ಏಪ್ರಿಲ್ 28ರಂದು ಕಿರ್ಗಿಸ್ತಾನದ ಬಟ್‌ಕೆನ್ ಪ್ರಾಂತ್ಯದ ಆ ತೂಬಿನ ಬಳಿ ನಡೆದದ್ದನ್ನು ಬಿಡಿಸಿ ಬರೆಯಿರಿ. ತಾಜಿಕ್ ಕಡೆಯವರು ಕಂಬವೊಂದಕ್ಕೆ ನಿಗಾ ಕ್ಯಾಮೆರಾ ಅಳವಡಿಸಲು ಬಂದರು, ಕಿರ್ಗಿಜ್ ಕಡೆಯವರು ತಡೆದರು, ಎರಡೂ ಬದಿಯಿಂದ ಕಲ್ಲುಗಳು ತೂರಿಬಂದವು; ಮರುದಿನ ಬಂದೂಕುಗಳು ಸಿಡಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಕಾಳಗ ನಡೆದು ನೂರಕ್ಕೂ ಹೆಚ್ಚು ಜೀವ ಹೋದಾಗ, ಇಬ್ಬರು ಅಧ್ಯಕ್ಷರೂ ಸಮರ್‌ಕಂದ್‌ನ ಶಾಂಘೈ ಸಹಕಾರ ಸಂಘಟನೆಯ ಶೃಂಗಸಭೆಯಲ್ಲಿದ್ದರು. ಇದು ಯುದ್ಧದ ಯುಗವಲ್ಲವೆಂದು ಪ್ರಧಾನಿ ಮೋದಿಯವರು ಪುಟಿನ್‌ರಿಗೆ ಹೇಳಿದ್ದು ಅದೇ ಸಭೆಯ ಸಂದರ್ಭದಲ್ಲಿ. ಆ ಮಾತು ನಮ್ಮ ಓದುಗರ ನೆನಪಿನಲ್ಲಿದೆ. ಅದೇ ಹೊತ್ತಿಗೆ ಬಟ್‌ಕೆನ್‌ನಲ್ಲಿ ಮನೆಗಳು ಉರಿಯುತ್ತಿದ್ದವೆಂಬುದನ್ನು ನೀವು ಅವರಿಗೆ ಹೇಳಬೇಕು.

"ಶತಮಾನಗಳ ಹಗೆತನ" ಎಂದು ಬರೆದಿದ್ದೀರಿ. ದಯವಿಟ್ಟು ತೆಗೆಯಿರಿ, ಅದು ನಿಜವಲ್ಲ. 1924ರಲ್ಲಿ ಮಧ್ಯ ಏಷ್ಯಾವನ್ನು ವಿಂಗಡಿಸಿದಾಗ ತಾಜಿಕರ ಸ್ವಾಯತ್ತ ಗಣರಾಜ್ಯ ಉಜ್ಬೆಕ್ ಗಣರಾಜ್ಯದೊಳಗೂ ಕಿರ್ಗಿಜರ ಸ್ವಾಯತ್ತ ಪ್ರಾಂತ್ಯ ರಷ್ಯಾದೊಳಗೂ ಇದ್ದವು. ಸೋವಿಯತ್ ಒಕ್ಕೂಟವೆಂಬ ಒಂದೇ ದೇಶದ ಒಳಗೆಳೆದ ಆ ಗೆರೆಗಳ ಮೇಲೆ ಮುಂದೊಂದು ದಿನ ಮುಳ್ಳುತಂತಿ ಬರುವುದೆಂದು ಯಾರೂ ಎಣಿಸಿರಲಿಲ್ಲ. 1991ರಲ್ಲಿ ಆ ಒಕ್ಕೂಟ ಒಡೆದ ನಂತರ ತಾಜಿಕರು 1920ರ ದಶಕದ ನಕ್ಷೆಗಳನ್ನು, ಕಿರ್ಗಿಜರು 1950ರ ದಶಕದ ನಕ್ಷೆಗಳನ್ನು ಮುಂದಿಟ್ಟರು. ಎರಡೂ ಮಾಸ್ಕೋದ ಕಾಲದ ಅಧಿಕೃತ ಕಾಗದಗಳೇ ಆದ್ದರಿಂದ ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಯಾರೂ ಬಿಟ್ಟುಕೊಡಲೂ ಆಗುತ್ತಿರಲಿಲ್ಲ. ವಿವಾದ ಮೂರು ದಶಕ ಎಳೆದದ್ದಕ್ಕೆ ಇದು ದೊಡ್ಡ ಕಾರಣ, ಮತ್ತು ನಿಮ್ಮ ಲೇಖನದಲ್ಲಿ ಇಲ್ಲದಿರುವುದೂ ಇದೇ.

ಒಪ್ಪಂದದ ಭಾಗದಲ್ಲಿ ಹಸ್ತಲಾಘವದ ವರ್ಣನೆಯನ್ನು ಕಡಿಮೆ ಮಾಡಿ. ಸುಮಾರು ಸಾವಿರ ಕಿಲೋಮೀಟರ್ ಗಡಿ ಗುರುತಾಯಿತೆಂದರೆ ಸಾಲದು. ತೂಬನ್ನು ಎರಡೂ ದೇಶಗಳು ಹಂಚಿಕೊಂಡು ಬಳಸುವುದೆಂದು ಒಪ್ಪಿದ್ದು, ಸುತ್ತಲೂ ಕಿರ್ಗಿಜ್ ನೆಲವಿರುವ ತಾಜಿಕ್ ತುಣುಕಾದ ವೊರುಖ್‌ಗೆ ಹೋಗುವ ದಾರಿಗೆ ತಟಸ್ಥ ಸ್ಥಾನ ಕೊಟ್ಟಿದ್ದು, 2021ರ ಮೇ ತಿಂಗಳಿಂದ ಮುಚ್ಚಿದ್ದ ಗಡಿಯ ಗೇಟುಗಳು ಸಹಿಯಾದ ದಿನವೇ ತೆರೆದದ್ದು, ಇವು ಒಪ್ಪಂದದ ತಿರುಳು. ಈ ಒಪ್ಪಂದದಿಂದ ತಾಜಿಕಿಸ್ತಾನದ ಪಾಲಾದ ದೊಸ್ತುಕ್ ಎಂಬ ಕಿರ್ಗಿಜ್ ಹಳ್ಳಿಗೂ ಒಂದು ಪ್ಯಾರಾ ಮೀಸಲಿಡಿ. ಆ ಹೆಸರಿನ ಅರ್ಥ ಸ್ನೇಹ. ನಾವಾಡುವ ದೋಸ್ತಿಯ ಬೇರೂ ಅದೇ. ಅಲ್ಲಿನ ಕಿರ್ಗಿಜ್ ಕುಟುಂಬಗಳು ಬೇರೆಡೆ ನೆಲೆಸಬೇಕಾಯಿತೆಂಬುದನ್ನು ಬಿಟ್ಟು ಈ ಸಂಧಿಯನ್ನು ಹೊಗಳಿದರೆ ನಿಮ್ಮ ಲೇಖನ ಸರ್ಕಾರಿ ಪ್ರಕಟಣೆಯಾಗುತ್ತದೆ.

ಇಸ್ಫಾರಾ ನದಿ, ತೂಬು, ವೊರುಖ್ ಈ ಮೂರನ್ನೂ ಗುರುತಿಸಿದ ಸರಳ ನಕ್ಷೆಯೊಂದನ್ನು ನೀವೇ ಕೈಯಲ್ಲಿ ಬರೆದು ಹೊಸ ಕರಡಿನೊಂದಿಗೆ ಕಳುಹಿಸಿ. ಬಂದ ವಾರದಲ್ಲೇ ಓದಿ ತಿಳಿಸುತ್ತೇನೆ.

ಇಂತಿ,
ಸಂಪಾದಕ