ಬೇರೆ ಒಲೆ ಹೂಡಿದವರಿಗೆ ಸಿಕ್ಕಿದ್ದೇನು?

ಮಾನ್ಯ ಸಂಪಾದಕರೇ,

ಕಳೆದ ಸಂಚಿಕೆಯಲ್ಲಿ ‘ಬ್ರೆಕ್ಸಿಟ್‌ನಿಂದ ಬ್ರಿಟನ್ನಿಗೆ ನಯಾಪೈಸೆ ಲಾಭವಾಗಿಲ್ಲ’ ಎಂದು ಬರೆದಿದ್ದೀರಿ. 47 ವರ್ಷ ಒಟ್ಟಿಗಿದ್ದ ಯುರೋಪಿಯನ್ ಒಕ್ಕೂಟ ಎಂಬ ಮನೆಯಿಂದ ಯಾರಾದರೂ ಸುಮ್ನೆ ಹೊರಗೆ ಬರುತ್ತಾರೆಯೇ? ಹೊರಬರೋಣ ಎಂದು ಮತ ಹಾಕಿದ 1 ಕೋಟಿ 74 ಲಕ್ಷ ಜನರೆಲ್ಲ ದಡ್ಡರೇ? ನಮ್ಮಣ್ಣನ ಮಗ ಲೀಡ್ಸ್‌ನಲ್ಲಿ ಎಂ.ಎಸ್‌ಸಿ. ಓದುತ್ತಿದ್ದಾನೆ. ‘ಬ್ರೆಕ್ಸಿಟ್ ಆಗಿದ್ದಕ್ಕೇ ನಮ್ಮಂಥವರಿಗೆ ದಾರಿ ಸಿಕ್ಕಿತು ಚಿಕ್ಕಪ್ಪ’ ಅನ್ನುತ್ತಾನೆ. ಲಾಭ ಇದೆಯೋ ಇಲ್ಲವೋ, ಸುತ್ತಿಬಳಸದೆ ಹೇಳಿ.

– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ:

ಲಾಭ ಇದೆ. ‘ನಯಾಪೈಸೆ’ ಎಂದು ಬರೆದದ್ದು ತಪ್ಪು. ಆ ಸಾಲು ಬೇರೆ ಯಾರದ್ದೂ ಅಲ್ಲ, ನನ್ನದೇ. ಸಂಚಿಕೆ ಅಚ್ಚಿಗೆ ಹೋಗುವ ರಾತ್ರಿ ಸ್ವಲ್ಪ ಖಾರ ಇರಲಿ ಎಂದು ಸೇರಿಸಿದ್ದೆ. ನಿಮ್ಮ ಪತ್ರ ಬಂದ ಮೇಲೆ ಕೂತು ಲೆಕ್ಕ ಹಾಕಿದೆ. ಆ ಲೆಕ್ಕವನ್ನೇ ಇಲ್ಲಿ ಒಪ್ಪಿಸುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು, ಸುತ್ತಿಬಳಸುವುದಕ್ಕಂತೂ ಅಲ್ಲ.

ಮೊದಲು ನಿಮ್ಮ ಒಟ್ಟುಕುಟುಂಬದ ಹೋಲಿಕೆ. ನಮ್ಮ ಕಡೆ ಮನೆ ಪಾಲಾದರೆ ಹೊರಗೆ ಹೋಗುವವನಿಗೆ ಎರಡು ಎಕರೆಯೋ, ನಾಲ್ಕು ಪಾತ್ರೆಯೋ ಸಿಗುತ್ತದೆ. ಇಲ್ಲಿ ಉಲ್ಟಾ. ಒಳಗಿದ್ದಾಗ ಕೊಡುತ್ತೇನೆ ಎಂದು ಒಪ್ಪಿಕೊಂಡ ಬಾಬ್ತನ್ನೆಲ್ಲ ಚುಕ್ತಾ ಮಾಡಲು ಬ್ರಿಟನ್ನೇ ಹಣ ಕೊಟ್ಟು ಹೊರಬಂತು. 1973ರ ಜನವರಿ 1ರಂದು ಒಳಗೆ ಹೋದದ್ದು. 2016ರ ಜೂನ್ 23ರಂದು ಜನಮತ ಕೇಳಿದ್ದು. ಶೇ 51.9 ಮಂದಿ ‘ಬೇಡ’ ಅಂದರು, ಶೇ 48.1 ಮಂದಿ ‘ಇರೋಣ’ ಅಂದರು. 2020ರ ಜನವರಿ 31ಕ್ಕೆ ಹೊಸ್ತಿಲು ದಾಟಿದರೂ ಆ ವರ್ಷದ ಕೊನೆಯವರೆಗೆ ಹಳೆಯ ನಿಯಮಗಳೇ ನಡೆದವು.

ಒಂದು ವಿಷಯ ಲಾಭವೋ ಅಲ್ಲವೋ ಎಂದು ನೋಡಲು ನಾನು ಇಟ್ಟುಕೊಂಡ ಪ್ರಶ್ನೆ ಇಷ್ಟೇ: ಒಳಗೇ ಇದ್ದಿದ್ದರೆ ಇದನ್ನು ಮಾಡಲು ಆಗುತ್ತಿರಲಿಲ್ಲವೇ?

ಹೊರಬಂದದ್ದರ ಗುರುತು ಎಂದು ಅಲ್ಲಿನವರು ಸಂಭ್ರಮಿಸಿದ ನೀಲಿ ಪಾಸ್‌ಪೋರ್ಟನ್ನೇ ನೋಡಿ. ರಟ್ಟಿನ ಬಣ್ಣದ ಬಗ್ಗೆ ಒಕ್ಕೂಟದ ಕಡ್ಡಾಯ ಏನೂ ಇರಲಿಲ್ಲ. ಒಳಗಿದ್ದೂ ನೀಲಿ ಮಾಡಿಕೊಳ್ಳಬಹುದಿತ್ತು. ತಮಾಷೆ ಏನೆಂದರೆ ಆ ನೀಲಿ ಪುಸ್ತಕ ತಯಾರಾದದ್ದು ಪೋಲೆಂಡಿನಲ್ಲಿ. ಟೆಂಡರ್ ಗೆದ್ದದ್ದು ಯುರೋಪಿನದೇ ಕಂಪನಿ.

ಕೋವಿಡ್ ಲಸಿಕೆಯದು ಅರ್ಧ ಕಥೆ. 2020ರ ಡಿಸೆಂಬರ್ 2ರಂದು ಬ್ರಿಟನ್ ಫೈಜರ್ ಲಸಿಕೆಗೆ ಒಪ್ಪಿಗೆ ಕೊಟ್ಟಿತು. ಒಕ್ಕೂಟ ಕೊಟ್ಟದ್ದು ಡಿಸೆಂಬರ್ 21ಕ್ಕೆ. ಬ್ರೆಕ್ಸಿಟ್‌ನಿಂದಲೇ ಇದು ಸಾಧ್ಯವಾಯಿತು ಎಂದು ಆಗಿನ ಆರೋಗ್ಯ ಮಂತ್ರಿ ಎದೆ ತಟ್ಟಿಕೊಂಡರು. ಆದರೆ ಆ ತಿಂಗಳು ಇನ್ನೂ ಯುರೋಪಿನ ಕಾನೂನೇ ನಡೆಯುತ್ತಿತ್ತು. ತುರ್ತು ಒಪ್ಪಿಗೆಗೆ ಅದರಲ್ಲೇ ಅವಕಾಶ ಇತ್ತು, ಬಳಸಿದ್ದೂ ಅದನ್ನೇ. ಒಳಗಿದ್ದಿದ್ದರೆ ಉಳಿದವರನ್ನು ಬಿಟ್ಟು ಒಬ್ಬರೇ ಮುಂದೆ ಹೋಗುವ ಮನಸ್ಸು ಬರುತ್ತಿತ್ತೋ ಇಲ್ಲವೋ ಎಂಬ ವಾದ ಉಳಿಯುತ್ತದೆ. ಹಾಗಾಗಿ ಅರ್ಧ ಅಂಕ ಕೊಡೋಣ.

ಪೂರ್ತಿ ಅಂಕ ಸಿಗಬೇಕಾದವು ಬೇರೆ ಇವೆ. ಹೆಂಗಸರ ಮುಟ್ಟಿನ ಪ್ಯಾಡ್‌ಗಳ ಮೇಲೆ ಶೇ 5ಕ್ಕಿಂತ ಕಡಿಮೆ ತೆರಿಗೆ ಹಾಕಲು ಒಕ್ಕೂಟದ ನಿಯಮ ಬಿಡುತ್ತಿರಲಿಲ್ಲ. 2021ರ ಜನವರಿ 1ರಂದು ಬ್ರಿಟನ್ ಅದನ್ನು ತೆಗೆದುಹಾಕಿತು. ಮರುವರ್ಷ ಒಕ್ಕೂಟವೂ ನಿಯಮ ಸಡಿಲಿಸಿತು, ಅದು ಬೇರೆ ಮಾತು. ಕಡಿಯಲು ಅಥವಾ ಕೊಬ್ಬಿಸಲು ಜೀವಂತ ಕುರಿ, ದನಗಳನ್ನು ಹಡಗಿನಲ್ಲಿ ತುಂಬಿ ಹೊರದೇಶಕ್ಕೆ ಕಳಿಸುವುದನ್ನು 2024ರ ಕಾಯ್ದೆ ನಿಲ್ಲಿಸಿತು. ಒಕ್ಕೂಟದ ಒಂದೇ ಮಾರುಕಟ್ಟೆಯ ಒಳಗಿದ್ದಾಗ ಹಾಗೆ ತಡೆಯಲು ಬರುತ್ತಿರಲಿಲ್ಲ. ಆ ವ್ಯಾಪಾರ ಅಷ್ಟರಲ್ಲಿ ಹೆಚ್ಚುಕಡಿಮೆ ನಿಂತೇ ಹೋಗಿತ್ತು ಎಂಬುದೂ ನಿಜ.

ನನಗೆ ತುಂಬಾ ಇಷ್ಟವಾದದ್ದು ಒಂದು ಸಣ್ಣ ಮೀನಿನ ಕಥೆ. ಸ್ಯಾಂಡ್ ಈಲ್ ಅಂತ ಹೆಸರು. ಬೆರಳಿಗಿಂತ ಸ್ವಲ್ಪ ಉದ್ದ, ಮರಳಿನಲ್ಲಿ ಹೂತುಕೊಂಡು ಇರುತ್ತದೆ. ಜನ ತಿನ್ನುವುದಿಲ್ಲ. ದೊಡ್ಡ ಬಲೆ ಹಾಕಿ ಟನ್ನುಗಟ್ಟಲೆ ಹಿಡಿದು, ಅರೆದು, ಎಣ್ಣೆ ತೆಗೆದು ಸಾಕಿದ ಮೀನುಗಳಿಗೆ, ಹಂದಿಗಳಿಗೆ ಹಾಕುತ್ತಾರೆ. ಹಿಡಿಯುವವರಲ್ಲಿ ಮುಂದಿದ್ದವರು ಡೆನ್ಮಾರ್ಕಿನವರು. ಆದರೆ ಸ್ಕಾಟ್ಲೆಂಡಿನ ಬಂಡೆಗಳಲ್ಲಿ ಗೂಡು ಕಟ್ಟುವ ಪಫಿನ್ ಹಕ್ಕಿ ಮರಿ ಸಾಕುವುದು ಇದೇ ಮೀನಿನಿಂದ. ಗಿಣಿಯ ಹಾಗೆ ಬಣ್ಣದ ಕೊಕ್ಕು, ಅದರಲ್ಲಿ ಅಡ್ಡಡ್ಡ ನೇತಾಡುವ ಹತ್ತಾರು ಬೆಳ್ಳಿ ಮೀನು. ಆ ಚಿತ್ರ ನೀವೂ ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ. 2024ರ ಮಾರ್ಚ್‌ನಲ್ಲಿ ಬ್ರಿಟನ್ ಉತ್ತರ ಸಮುದ್ರದ ಇಂಗ್ಲೆಂಡ್ ಭಾಗದಲ್ಲೂ ಸ್ಕಾಟ್ಲೆಂಡಿನ ಇಡೀ ನೀರಿನಲ್ಲೂ ಈ ಮೀನು ಹಿಡಿಯುವುದನ್ನು ನಿಷೇಧಿಸಿತು. ಒಕ್ಕೂಟ ಬಿಡಲಿಲ್ಲ, ಹೇಗ್ ನಗರದ ಮಧ್ಯಸ್ಥಿಕೆ ನ್ಯಾಯಮಂಡಳಿಗೆ ಎಳೆಯಿತು. 2025ರ ಮೇನಲ್ಲಿ ತೀರ್ಪು ಬಂತು. ಇಂಗ್ಲೆಂಡಿನ ಭಾಗದ ಬಗ್ಗೆ ಸಾಧಕ ಬಾಧಕ ಸರಿಯಾಗಿ ತೂಗಿಲ್ಲ ಎಂಬ ಆಕ್ಷೇಪ ಬಿಟ್ಟರೆ ಬ್ರಿಟನ್ನಿನ ಮಾತೇ ಹೆಚ್ಚುಕಡಿಮೆ ನಿಂತಿತು. ನಿಷೇಧ ಉಳಿಯಿತು. ಒಕ್ಕೂಟದ ಒಳಗಿದ್ದು, ಎಲ್ಲರ ಒಪ್ಪಿಗೆಗೆ ಕಾದು, ಇಷ್ಟು ದೊಡ್ಡ ಸಮುದ್ರವನ್ನು ಒಬ್ಬರೇ ಮುಚ್ಚಲು ಆಗುತ್ತಿರಲಿಲ್ಲ. ಹಕ್ಕಿಗಳಿಗೆ ಮತ ಇದ್ದಿದ್ದರೆ ಬ್ರೆಕ್ಸಿಟ್ ಪರವೇ ಹಾಕುತ್ತಿದ್ದವೋ ಏನೋ.

ಬ್ರೆಕ್ಸಿಟ್ ಬೇಕು ಎಂದು ದೋಣಿಗೆ ಬಾವುಟ ಕಟ್ಟಿ ಲಂಡನ್ನಿನವರೆಗೆ ಬಂದಿದ್ದ ಮೀನುಗಾರರಿಗೆ ಮಾತ್ರ ಅಂಥ ಅದೃಷ್ಟ ಇರಲಿಲ್ಲ. ನಮ್ಮ ನೀರು ನಮಗೇ ಎಂದು ಕಾಯುತ್ತಿದ್ದರು. ಮೀನು ಹಿಡಿಯುವ ಬಗ್ಗೆ ಒಕ್ಕೂಟದ ಜೊತೆ ಆದ ಒಪ್ಪಂದದ ಮೊದಲ ಅವಧಿ 2026ರ ಜೂನ್‌ಗೆ ಮುಗಿಯಬೇಕಿತ್ತು. ಅದಕ್ಕೂ ಒಂದು ವರ್ಷ ಮೊದಲೇ ಸ್ಟಾರ್ಮರ್ ಸರ್ಕಾರ ಯುರೋಪಿನ ದೋಣಿಗಳಿಗೆ 2038ರವರೆಗೆ ಅವಕಾಶ ಬರೆದುಕೊಟ್ಟಿತು.

ಇನ್ನು ಹಣ. 2016ರ ಬ್ರೆಕ್ಸಿಟ್ ಪ್ರಚಾರದ ಆ ಕೆಂಪು ಬಸ್ ನೆನಪಿದೆಯಾ? ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಹೋಗುತ್ತಿದೆ, ಅದನ್ನು ನಮ್ಮ ಆಸ್ಪತ್ರೆಗಳಿಗೆ ಕೊಡೋಣ ಎಂದು ಅದರ ಮೇಲೆ ಬರೆದಿದ್ದರು. ಥ್ಯಾಚರ್ 1984ರಲ್ಲಿ ಜಗಳವಾಡಿ ಗಿಟ್ಟಿಸಿದ ರಿಯಾಯಿತಿಯನ್ನು ಆ ಲೆಕ್ಕ ಕಳೆದೇ ಇರಲಿಲ್ಲ. ರೈತರಿಗೆ, ಹಿಂದುಳಿದ ಊರುಗಳಿಗೆ ವಾಪಸ್ ಬರುತ್ತಿದ್ದ ಹಣವನ್ನೂ ಕಳೆದಿರಲಿಲ್ಲ. ಎರಡನ್ನೂ ಕಳೆದರೆ ಉಳಿಯುತ್ತಿದ್ದುದು ಬರೆದದ್ದರ ಅರ್ಧಕ್ಕೂ ಕಡಿಮೆ. ಆದರೂ ಅದು ಉಳಿತಾಯವೇ, ಒಪ್ಪೋಣ.

ಸೋರಿದ್ದು ಬೇರೆ ಕಡೆ. ಚೀಸ್ ಮಾಡುವ ಸಣ್ಣ ವ್ಯಾಪಾರಿಯೊಬ್ಬ ಮೊದಲು ವ್ಯಾನಿಗೆ ತುಂಬಿ, ಡೋವರ್‌ನಲ್ಲಿ ದೋಣಿ ಹತ್ತಿಸಿ, ಫ್ರಾನ್ಸಿನ ಅಂಗಡಿಗೆ ಇಳಿಸಿ ಬರುತ್ತಿದ್ದ. ಮಂಡ್ಯದಿಂದ ಮೈಸೂರಿಗೆ ಬೆಲ್ಲ ಕಳಿಸಿದ ಹಾಗೆ. ಈಗಲೂ ಸುಂಕ ಇಲ್ಲ, 2020ರ ಡಿಸೆಂಬರ್ 24ರ ಒಪ್ಪಂದದಲ್ಲಿ ಸುಂಕ ಸೊನ್ನೆಯೇ. ಆದರೆ ಕಸ್ಟಮ್ಸ್ ಅರ್ಜಿ ಬೇಕು. ಸರಕು ಎಲ್ಲಿಯದು ಎಂಬುದಕ್ಕೆ ದಾಖಲೆ ಬೇಕು. ಹಾಲಿನ ಪದಾರ್ಥ, ಮಾಂಸ ಆದರೆ ಪ್ರತಿ ಲೋಡಿಗೂ ಪಶುವೈದ್ಯರ ರುಜು ಇರುವ ಪ್ರಮಾಣಪತ್ರ ಬೇಕು. ಒಂದು ಲಾರಿ ತುಂಬ ಕಳಿಸುವ ದೊಡ್ಡ ಕಂಪನಿಗೆ ಈ ಖರ್ಚು ತಾಳಿಕೊಳ್ಳುವಂಥದ್ದು. ಹತ್ತು ಡಬ್ಬಿ ಕಳಿಸುವವನಿಗೆ ಚೀಸಿಗಿಂತ ಕಾಗದವೇ ದುಬಾರಿ. ಎಷ್ಟೋ ಜನ ಕಳಿಸುವುದನ್ನೇ ಬಿಟ್ಟರು. ಜಿಎಸ್‌ಟಿ ಬರುವ ಮೊದಲು ರಾಜ್ಯದ ಗಡಿಗಳಲ್ಲಿ ಲಾರಿಗಳು ಕಾಗದ ಹಿಡಿದು ಸಾಲುಗಟ್ಟಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾವು ಆ ಸಾಲನ್ನು ತೆಗೆದ ಮೂರೂವರೆ ವರ್ಷಕ್ಕೆ ಅವರು ತಮ್ಮ ಗಡಿಯಲ್ಲಿ ಹೊಸದಾಗಿ ನಿಲ್ಲಿಸಿದರು.

ಬ್ರಿಟನ್ನಿನ ಬಜೆಟ್ ಲೆಕ್ಕ ನೋಡುವ ಸ್ವತಂತ್ರ ಕಚೇರಿಯ ಅಂದಾಜಿನಂತೆ, ಒಳಗೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಹದಿನೈದು ವರ್ಷದಲ್ಲಿ ಶೇ 4ರಷ್ಟು ಹಿಂದೆ ಬೀಳುತ್ತದೆ. ಶೇ 4 ಎಂದರೆ ಕಡಿಮೆ ಅನ್ನಿಸಬಹುದು. ಅವರ ಒಟ್ಟು ಉತ್ಪನ್ನ ಎರಡೂವರೆ ಲಕ್ಷ ಕೋಟಿ ಪೌಂಡಿಗೂ ಜಾಸ್ತಿ. ಅದರ ಶೇ 4 ಎಂದರೆ ವರ್ಷಕ್ಕೆ 10,000 ಕೋಟಿ ಪೌಂಡ್. ಬಸ್ಸಿನ ಮೇಲಿನ ಲೆಕ್ಕವನ್ನು ಹಾಗೇ ನಂಬಿದರೂ ಉಳಿಯುವುದು ವರ್ಷಕ್ಕೆ 1,820 ಕೋಟಿ.

ಬೇರೆ ದೇಶಗಳ ಜೊತೆ ಸ್ವಂತ ಒಪ್ಪಂದ ಮಾಡಿಕೊಂಡರಲ್ಲ ಅಂತೀರಿ. ಹೌದು, ಅದು ಒಳಗಿದ್ದರೆ ಆಗದ ಕೆಲಸ. ನಮ್ಮ ದೇಶದ ಜೊತೆಗೇ 2025ರ ಜುಲೈ 24ರಂದು ರುಜು ಹಾಕಿದರು. ಒಪ್ಪಂದದಂತೆ ಸ್ಕಾಚ್ ವಿಸ್ಕಿಗೆ ನಾವು ಹಾಕುವ ಸುಂಕ ಶೇ 150ರಿಂದ ಮೊದಲು 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಯಬೇಕು. ನಮ್ಮ ಬಟ್ಟೆ, ಚರ್ಮದ ಸಾಮಾನು, ಸಿಗಡಿ ಅಲ್ಲಿಗೆ ಸುಂಕವಿಲ್ಲದೆ ಹೋಗಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳಿಗೆ ಇದು ಸಣ್ಣ ವಿಷಯವಲ್ಲ. ಕಂಪನಿ ಕೆಲಸದ ಮೇಲೆ ಲಂಡನ್ನಿಗೆ ಹೋಗುವ ನಮ್ಮ ಐಟಿ ಹುಡುಗರು ಕೆಲವು ವರ್ಷದವರೆಗೆ ಅಲ್ಲಿನ ಸಾಮಾಜಿಕ ಭದ್ರತೆಯ ವಂತಿಗೆ ಕಟ್ಟಬೇಕಿಲ್ಲ ಎಂಬುದೂ ಮಾತಾಗಿದೆ. ಅವರಿಗೆ? ಬ್ರಿಟನ್ ಸರ್ಕಾರದ ಸ್ವಂತ ಅಂದಾಜಿನಲ್ಲೇ ದೂರದ ವರ್ಷಗಳಲ್ಲಿ ವರ್ಷಕ್ಕೆ 480 ಕೋಟಿ ಪೌಂಡ್, ಅಂದರೆ ಉತ್ಪನ್ನದ ಶೇ 0.13. ಆಸ್ಟ್ರೇಲಿಯಾ ಒಪ್ಪಂದದಿಂದ ಶೇ 0.08. ಅದು ಬ್ರಿಟನ್ನಿಗೆ ಅಷ್ಟೇನೂ ಒಳ್ಳೆಯ ಒಪ್ಪಂದವಲ್ಲ ಎಂದು ಆಗ ಕೃಷಿ ಮಂತ್ರಿಯಾಗಿದ್ದ ಜಾರ್ಜ್ ಯೂಸ್ಟಿಸ್ ಅವರೇ ಆಮೇಲೆ ಸಂಸತ್ತಿನಲ್ಲಿ ಹೇಳಿಬಿಟ್ಟರು. ಜೊತೆಗೆ, ಬ್ರಿಟನ್ ಬಿಟ್ಟುಬಂದ ಒಕ್ಕೂಟವೂ 2026ರ ಜನವರಿಯಲ್ಲಿ ಭಾರತದ ಜೊತೆ ಮಾತುಕತೆ ಮುಗಿಸಿತು. ಮೊದಲು ಮುಗಿಸಿದ ಲಾಭ ಬ್ರಿಟನ್ನಿಗೆ ಇದೆ, ಕೆಲವು ತಿಂಗಳದ್ದು.

ಟ್ರಂಪ್ ಸುಂಕದ ವಿಷಯದಲ್ಲೂ ಹೊರಗಿದ್ದದ್ದು ಕೈಹಿಡಿಯಿತು. 2025ರಲ್ಲಿ ಬ್ರಿಟನ್ನಿಗೆ ಶೇ 10, ಒಕ್ಕೂಟಕ್ಕೆ ಚೌಕಾಸಿ ಆದ ಮೇಲೆ ಶೇ 15. ಇದನ್ನು 2016ರಲ್ಲಿ ಯಾರೂ ಕನಸಲ್ಲೂ ಕಂಡಿರಲಿಲ್ಲ, ಆದರೂ ಲಾಭ ಲಾಭವೇ.

ಈಗ ನಿಮ್ಮಣ್ಣನ ಮಗನ ಮಾತಿಗೆ ಬರೋಣ. ಹುಡುಗ ಪೂರ್ತಿ ತಪ್ಪು ಹೇಳಿಲ್ಲ. ಓದು ಮುಗಿದ ಮೇಲೆ ಎರಡು ವರ್ಷ ಉಳಿದು ಕೆಲಸ ಹುಡುಕುವ ವೀಸಾ 2021ರ ಜುಲೈನಲ್ಲಿ ಬಂತು. ಆದರೆ ಅದೇ ಥರದ ವೀಸಾ ಮೊದಲೂ ಇತ್ತು. 2012ರಲ್ಲಿ ತೆರೆಸಾ ಮೇ ಗೃಹ ಮಂತ್ರಿಯಾಗಿದ್ದಾಗ ಮುಚ್ಚಿದ್ದರು. ಭಾರತದವರಿಗೆ ವೀಸಾ ಕೊಡಲು ಒಕ್ಕೂಟ ಯಾವತ್ತೂ ಅಡ್ಡ ಬಂದಿರಲಿಲ್ಲ. ಆದದ್ದೇನೆಂದರೆ, ಪೋಲೆಂಡ್, ರೊಮೇನಿಯಾದವರು ಬರುವುದು ಕಡಿಮೆಯಾಯಿತು, ಆಸ್ಪತ್ರೆಗೆ, ವೃದ್ಧರ ಆರೈಕೆಗೆ ಜನ ಸಾಲದಾದರು, ನಮ್ಮ ಕಡೆಯವರಿಗೆ ಬಾಗಿಲು ತೆರೆಯಿತು. 2016ರಲ್ಲಿ ಅಲ್ಲಿನ ಮಂತ್ರಿ ಪ್ರೀತಿ ಪಟೇಲ್ ಕರಿ ಹೋಟೆಲುಗಳನ್ನು ಉಳಿಸಿ ಎಂದು ಪ್ರಚಾರ ಮಾಡಿದಾಗ ಹೇಳಿದ್ದೂ ಹೀಗೇ ಏನೋ: ಯುರೋಪಿನವರಿಗೆ ಕಡಿವಾಣ ಬಿದ್ದರೆ ದಕ್ಷಿಣ ಏಷ್ಯಾದ ಅಡುಗೆಯವರಿಗೆ ಜಾಗ ಸಿಗುತ್ತದೆ ಅಂತ.

ನೀವು ದಡ್ಡರೇ ಎಂದು ಕೇಳಿದ ಮತದಾರರ ವಿಷಯ ಇಲ್ಲೇ ಬರುತ್ತದೆ. ಲಿಂಕನ್‌ಶೈರಿನ ಬಾಸ್ಟನ್ ಎಂಬ ಊರಿನ ಸುತ್ತ ಎಲೆಕೋಸಿನ ಹೊಲಗಳು. ಕೊಯ್ಯಲು ಪೂರ್ವ ಯುರೋಪಿನವರು ಬಂದು ತುಂಬಿದ್ದರು. ಅಲ್ಲಿ ಶೇ 75.6 ಮಂದಿ ಹೊರಬರೋಣ ಎಂದರು. ದೇಶದಲ್ಲೇ ಅತಿ ಜಾಸ್ತಿ. ಅವರು ಜಿಡಿಪಿ ನೋಡಿ ಒತ್ತಿದ ಮತ ಅದಲ್ಲ. ಮನೆ ಬಾಡಿಗೆ, ಶಾಲೆಯಲ್ಲಿ ಸೀಟು, ಡಾಕ್ಟರ ಹತ್ತಿರ ಸರದಿ, ನಮ್ಮನ್ನು ಯಾರೂ ಕೇಳಲಿಲ್ಲ ಎಂಬ ಸಿಟ್ಟು. ನಾನು ಅವರನ್ನು ದಡ್ಡರು ಅನ್ನಲಾರೆ. ಆದರೆ ಅವರು ಕೇಳಿದ್ದು ಸಿಗಲಿಲ್ಲ. ಹೊರಗಿನಿಂದ ಬಂದವರ ನಿವ್ವಳ ಲೆಕ್ಕ 2023ರ ಹೊತ್ತಿಗೆ ವರ್ಷಕ್ಕೆ 9 ಲಕ್ಷ ದಾಟಿತು. ಗಲಾಟೆ ಎದ್ದಿದ್ದ 2016ರ ಸುಮಾರಿಗೆ ಅದು 3 ಲಕ್ಷದ ಆಸುಪಾಸಿನಲ್ಲಿತ್ತು.

‘ನಮ್ಮ ಕಾನೂನು ನಾವೇ ಮಾಡಿಕೊಳ್ಳುವ’ ಹಕ್ಕಿನ ಬಗ್ಗೆಯೂ ಒಂದು ಮಾತು, ಏಕೆಂದರೆ ಬಹಳ ಜನ ಅದಕ್ಕಾಗಿಯೇ ಮತ ಹಾಕಿದ್ದರು. ಹಕ್ಕು ನಿಜಕ್ಕೂ ಬಂತು. ಬಳಸಿದ್ದು ಕಡಿಮೆ. 2022ರಲ್ಲಿ ಬ್ರೆಕ್ಸಿಟ್ ಅವಕಾಶಗಳಿಗೆ ಅಂತಲೇ ಒಬ್ಬ ಮಂತ್ರಿ, ಜೇಕಬ್ ರೀಸ್-ಮಾಗ್. ಯಾವ ಹಳೆಯ ನಿಯಮ ತೆಗೆಯಬೇಕೋ ಬರೆದು ಕಳಿಸಿ ಎಂದು ಅವರು ಪತ್ರಿಕೆಯೊಂದರ ಓದುಗರನ್ನು ಕೇಳಿಕೊಂಡರು. ಓದುಗರ ಪತ್ರಗಳ ಮೇಲೆ ನನಗೂ ಭಕ್ತಿ ಇದೆ, ಆದರೆ ಹೊರಬಂದು ಎರಡು ವರ್ಷವಾದ ಮೇಲೆ ಕೇಳುವ ಪ್ರಶ್ನೆಯೇ ಅದು? ಸಾವಿರಾರು ಯುರೋಪಿಯನ್ ನಿಯಮಗಳನ್ನು 2023ರ ಕೊನೆಗೆ ಒಟ್ಟಿಗೇ ರದ್ದು ಮಾಡುತ್ತೇವೆ ಎಂದು ಹೊರಟವರು ಕೊನೆಗೆ ತೆಗೆದದ್ದು ಸುಮಾರು 600. ಅಳತೆಗೆ ಹಳೆಯ ಪೌಂಡು, ಔನ್ಸು ಬೇಕೇ ಎಂದು ಜನರನ್ನು ಕೇಳಿದರೆ ಉತ್ತರ ಕೊಟ್ಟವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿಲೋ, ಲೀಟರೇ ಇರಲಿ ಅಂದರು. 2025ರ ಜನವರಿಯಲ್ಲಿ ಯೂಗವ್ ಸಮೀಕ್ಷೆ ಮಾಡಿದಾಗ ಹೊರಬಂದದ್ದು ತಪ್ಪು ಎಂದವರು ಶೇ 55, ಸರಿ ಎಂದವರು ಶೇ 30.

ಹಾಗಾಗಿ ಕಳೆದ ಸಂಚಿಕೆಯ ಆ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ: ‘ಬ್ರೆಕ್ಸಿಟ್‌ನಿಂದ ಬ್ರಿಟನ್ನಿಗೆ ಕೆಲವು ಲಾಭಗಳಾಗಿವೆ, ನಷ್ಟಕ್ಕೆ ಹೋಲಿಸಿದರೆ ಸಣ್ಣವು, ಮತ ಹಾಕಿದವರ ಕೈಗೆ ಸಿಕ್ಕಿದ್ದು ಇನ್ನೂ ಕಡಿಮೆ.’

ನಿಮ್ಮಣ್ಣನ ಮಗನಿಗೆ ಇನ್ನೊಂದು ವಿಷಯ ತಿಳಿಸಿ, ಇದು ತುರ್ತು. ಅವನು ಹೇಳುವ ಆ ದಾರಿಯನ್ನು ಅಲ್ಲಿನ ಸರ್ಕಾರ ಕಿರಿದು ಮಾಡುತ್ತಿದೆ. ಆರೈಕೆ ಕೆಲಸಕ್ಕೆ ಹೊರದೇಶದಿಂದ ಹೊಸಬರನ್ನು ಕರೆಸುವುದನ್ನು 2025ರ ಜುಲೈನಲ್ಲೇ ನಿಲ್ಲಿಸಿದರು. ಓದು ಮುಗಿದ ಮೇಲಿನ ಎರಡು ವರ್ಷದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಹದಿನೆಂಟೇ ತಿಂಗಳು. ಅವನ ಕೋರ್ಸ್ ಅದಕ್ಕೆ ಮೊದಲು ಮುಗಿಯುವುದಾದರೆ 2026ರ ಡಿಸೆಂಬರ್ 31 ದಾಟಿಸದೆ ಅರ್ಜಿ ಹಾಕಲು ಹೇಳಿ.

– ಸಂ.