ಡೀಸೆಲ್ ಯಾರದ್ದು?

ಫೋನ್ ಮಾಡಿದ್ದು ತಾಯಿ. "ಅಪ್ಪ, ಮಗ ಮಾತಾಡದೆ ನಾಲ್ಕು ತಿಂಗಳಾಯ್ತು ಮೇಡಂ. ಬೋಟು ದಕ್ಕೆಗೆ ಬಂದ ದಿನ ಮಗ ಮನೆಗೇ ಬರುವುದಿಲ್ಲ. ಅವನು ಇದ್ದ ಹೊತ್ತು ಇವರು ಊಟಕ್ಕೆ ಕೂರುವುದಿಲ್ಲ." ಜಗಳ ಎಂತದ್ದು ಅಂತ ಕೇಳಿದೆ. "ಅವನಿಗೆ ಗುದ್ದಾಡುವ ಕೆಲಸ ಬೇಕಂತೆ" ಅಂದರು.

ಉಡುಪಿಯಲ್ಲಿ ನಾನು ಆಪ್ತ ಸಲಹೆಗಾರ್ತಿ. ನನ್ನ ಹತ್ತಿರ ಬರುವುದು ಹೆಚ್ಚಾಗಿ ಪರೀಕ್ಷೆಯ ಭಯ, ಕುಡಿತ, ಪ್ರೀತಿಯ ಗೋಳು, ಗಲ್ಫ್‌ನಿಂದ ಫೋನ್ ಮಾಡದ ಗಂಡ. ಗುದ್ದಾಡುವ ಕೆಲಸದ ಪ್ರಕರಣ ಇದೇ ಮೊದಲು. ಗುರುತು ಸಿಗಬಾರದು ಅಂತ ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಮೂವರೂ ಒಪ್ಪಿದ್ದಾರೆ.

ಹುಡುಗನಿಗೆ 22 ವರ್ಷ. ಬಿ.ಕಾಂ. ಮುಗಿಸಿದ್ದಾನೆ. ಬೆಳಿಗ್ಗೆ ಜಿಮ್ ಒಂದರಲ್ಲಿ ಟ್ರೈನರ್, ತಿಂಗಳಿಗೆ 12,000 ರೂಪಾಯಿ. ಸಂಜೆ ತನ್ನ ಅಭ್ಯಾಸ. ಚಿಕ್ಕಂದಿನಿಂದ ಅಷ್ಟಮಿಗೆ ಹುಲಿವೇಷ ಹಾಕಿದವನು. ತಾಸೆಯ ಪೆಟ್ಟಿಗೆ ಲಾಗ ಹಾಕಿ ಹಾಕಿ ಮೈ ಹಗುರ. ಆಮೇಲೆ ಕರಾಟೆ, ಅಲ್ಲಿಂದ ಎಂಎಂಎ, ಅಂದರೆ ಮಿಕ್ಸೆಡ್ ಮಾರ್ಷಲ್ ಆರ್ಟ್ಸ್, ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಕಾದಾಟ. ಎರಡು ವೃತ್ತಿಪರ ಫೈಟ್ ಆಡಿ ಎರಡೂ ಗೆದ್ದಿದ್ದಾನೆ. ತಂದೆ ಮಲ್ಪೆಯ ಆಳಸಮುದ್ರ ಬೋಟಿನಲ್ಲಿ ತಂಡೇಲ, ಅಂದರೆ ಬೋಟು ನಡೆಸುವ ಮುಖ್ಯಸ್ಥ. ಈಗ ಮಗನಿಗೆ ಬಾಲಿಗೆ ಹೋಗಿ ಆರು ತಿಂಗಳು ತರಬೇತಿ ಪಡೆಯಬೇಕು. ಖರ್ಚು 4 ಲಕ್ಷ. ತಾಯಿಯ ಚಿನ್ನ ಸೊಸೈಟಿಯಲ್ಲಿ ಅಡವಿಡುವ ಮಾತು ಬಂದದ್ದೇ ಮನೆ ಎರಡಾಯಿತು.

ಮೊದಲ ಭೇಟಿಯನ್ನು ನಾನೇ ಕೆಡಿಸಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಹುಡುಗ ಒಂದು ನೋಟ್‌ಬುಕ್ ತಂದಿದ್ದ. ಮೇಲೆ ದಪ್ಪ ಅಕ್ಷರದಲ್ಲಿ "ಫ್ಲೈವೇಟ್, 125 ಪೌಂಡ್". ಅದು ಅವನು ಆಡುವ ತೂಕದ ವಿಭಾಗ, ನಮ್ಮ ಲೆಕ್ಕದಲ್ಲಿ 56.7 ಕಿಲೊ. ಕೆಳಗೆ ಎಂಎಂಎ ಪಂದ್ಯ ನಡೆಸುವ ಅಮೆರಿಕದ ದೊಡ್ಡ ಕಂಪನಿ ಯುಎಫ್‌ಸಿಯ ಫೈಟರ್‌ಗಳ ಹೆಸರು, ಎದುರಿಗೆ ಡಾಲರ್. ಯಾರ ಆಸ್ತಿ ಎಷ್ಟು ಅಂತ ಹೇಳುವ ವಿಡಿಯೋಗಳಿಂದ ಬರೆದುಕೊಂಡದ್ದು. ನಾನೂ ಹಿಂದಿನ ರಾತ್ರಿ ಸ್ವಲ್ಪ ಓದಿಕೊಂಡಿದ್ದೆ. ಓದಿದ್ದು ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಇದೆಲ್ಲ ಅಂದಾಜು ಅಂದೆ. ಅಮೆರಿಕದಲ್ಲಿ ನೆವಾಡ, ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಅಥ್ಲೆಟಿಕ್ ಕಮಿಷನ್‌ಗಳು ಪಂದ್ಯ ಮುಗಿದ ಮೇಲೆ ಯಾರಿಗೆ ಎಷ್ಟು ಅಂತ ಪಟ್ಟಿ ಕೊಡುತ್ತಿದ್ದವು, ನಂಬುವುದಾದರೆ ಅದನ್ನು ನಂಬು ಅಂದೆ. ಅವನ ಪಟ್ಟಿಯಲ್ಲಿ ಅಂಥ ಅಂಕಿ ಒಂದಿತ್ತು. 2016ರಲ್ಲಿ ನೇಟ್ ಡಿಯಾಜ್ ಜೊತೆಗಿನ ಎರಡನೇ ಪಂದ್ಯಕ್ಕೆ ಕಾನರ್ ಮೆಕ್‌ಗ್ರೆಗರ್‌ಗೆ 30 ಲಕ್ಷ ಡಾಲರ್. "ಆದರೆ ಅದು 170 ಪೌಂಡಿನ ಪಂದ್ಯ. ನಿನ್ನ ತೂಕದ್ದಲ್ಲ" ಅಂದೆ.

ಅವನು ನೋಟ್‌ಬುಕ್ ಮುಚ್ಚಿದ. "ಅಪ್ಪ ಹೇಳಿ ಕಳಿಸಿದ್ದಲ್ವಾ?" ಅಂದ. ಎದ್ದು ಹೋದ.

ತಪ್ಪು ಅವನದ್ದಲ್ಲ. ನಾನು ಸಲಹೆಗಾರ್ತಿಯಾಗಿ ಕೂತಿರಲಿಲ್ಲ, ತಂದೆಯ ವಕೀಲಳಾಗಿ ಕೂತಿದ್ದೆ.

ಎರಡನೇ ಸಲ ತಾಯಿಯ ಒತ್ತಾಯಕ್ಕೆ ಬಂದ. ದುಡ್ಡಿನ ಸುದ್ದಿಯೇ ಎತ್ತಲಿಲ್ಲ. ಬೆಳಿಗ್ಗೆ ಎಂತ ತಿಂದೆ ಅಂತ ಕೇಳಿದೆ. ಅಷ್ಟಕ್ಕೇ ಬಾಯಿ ಬಿಟ್ಟ. ಅವನ ಮಾಮೂಲಿ ತೂಕ 67 ಕಿಲೊ. ಫೈಟ್‌ಗೆ 56.7ಕ್ಕೆ ಇಳಿಯಬೇಕು. ಮೊದಲು ಗಂಜಿ ಬಿಡುತ್ತಾನೆ, ಆಮೇಲೆ ಉಪ್ಪು. ಕೊನೆಗೆ ನೀರು. ಪ್ಲಾಸ್ಟಿಕ್ ಸೂಟ್ ಹಾಕಿಕೊಂಡು ಮಧ್ಯಾಹ್ನದ ಬಿಸಿಲಲ್ಲಿ ಬೀಚಿನಲ್ಲಿ ಓಡುತ್ತಾನೆ. ಬಿಸಿನೀರಿನ ಟಬ್ಬಿನಲ್ಲಿ ಕೂರುತ್ತಾನೆ. ಬಾಟ್ಲಿಗೆ ಉಗುಳಿ ಉಗುಳಿ ಕೊನೆಯ ನೂರಿನ್ನೂರು ಗ್ರಾಂ ಇಳಿಸುತ್ತಾನೆ. "ಕೊನೆಯ ದಿನ ನಾಲಿಗೆ ಅಂಟಿಕೊಳ್ತದೆ ಮೇಡಂ." ಹಿಂದಿನ ಫೈಟ್ ಆದ ಮೇಲೆ ಎರಡು ದಿನ ತಲೆನೋವು ಇತ್ತಂತೆ. ಮನೆಯಲ್ಲಿ ಹೇಳಿಲ್ಲ.

ಇಲ್ಲಿ ನಾನು ಮೆತ್ತಗೆ ಇರಲಿಲ್ಲ. ಚೀನಾದ ಯಾಂಗ್ ಜಿಯಾನ್ ಬಿಂಗ್ ಗೊತ್ತಾ ಅಂತ ಕೇಳಿದೆ. 2015ರ ಡಿಸೆಂಬರ್, ಮನಿಲಾ, ಇದೇ ಫ್ಲೈವೇಟ್. ತೂಕ ಇಳಿಸುತ್ತಲೇ ಕುಸಿದು ಸತ್ತ. ವಯಸ್ಸು 21. ಆಮೇಲೆ ಆ ಪಂದ್ಯ ನಡೆಸಬೇಕಿದ್ದ ಏಷ್ಯಾದ ಕಂಪನಿ ಒನ್ ಚಾಂಪಿಯನ್‌ಶಿಪ್ ತನ್ನ ನಿಯಮ ಬದಲಿಸಿ, ಮೈಯಲ್ಲಿ ನೀರು ಸಾಕಷ್ಟು ಇದೆಯಾ ಅಂತ ಪರೀಕ್ಷೆ ಮಾಡಲು ಶುರುಮಾಡಿತು. "ಗೊತ್ತುಂಟು" ಅಂದ. ತುಂಬಾ ಹೊತ್ತು ಸುಮ್ಮನಿದ್ದ. ಮತ್ತೆ ಫ್ಲೈವೇಟೇ ಯಾಕೆ? ಮೇಲಿನ ತೂಕದಲ್ಲಿ ಎತ್ತರದವರು ಸಿಗುತ್ತಾರೆ ಅನ್ನುವ ಭಯ, ಅಷ್ಟೇ.

ಅವತ್ತು ಕೊಟ್ಟ ಸಲಹೆ ಎರಡೇ. ತಲೆನೋವಿಗೆ ನರರೋಗ ತಜ್ಞರನ್ನು ನೋಡುವುದು, ಅವರು ಹೂಂ ಅನ್ನುವ ತನಕ ಸ್ಪಾರಿಂಗ್, ಅಂದರೆ ಜೊತೆಗಾರರ ಜೊತೆ ಗುದ್ದಾಟದ ಅಭ್ಯಾಸ, ಬೇಡ. ಮತ್ತೆ 135 ಪೌಂಡಿನ ಬ್ಯಾಂಟಮ್‌ವೇಟ್, ಅಂದರೆ 61.2 ಕಿಲೊ, ಅದರ ಬಗ್ಗೆ ಕೋಚ್ ಜೊತೆ ಮಾತಾಡುವುದು. ಮೊದಲನೆಯದಕ್ಕೆ ಒಪ್ಪಿದ. ಎರಡನೆಯದಕ್ಕೆ ಮುಖ ಗಂಟು ಹಾಕಿದ.

ಮೂರನೇ ಭೇಟಿ ಜೂನ್‌ನಲ್ಲಿ. ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ರಜೆ, 61 ದಿನ. ಹಾಗಾಗಿ ತಂದೆಯೂ ಸಿಕ್ಕರು. ಕುರ್ಚಿಯ ತುದಿಯಲ್ಲಿ ಕೂತರು. ಮಗನ ಕಡೆ ನೋಡಲಿಲ್ಲ.

ವಾದ ಬೇಡ, ಬೋಟಿಗೆ ಹೊಸದಾಗಿ ಬಂದ ಹುಡುಗನಿಗೆ ಹೇಳಿದ ಹಾಗೆ ಅಪ್ಪನಿಗೆ ನಿನ್ನ ಕೆಲಸದ ದುಡ್ಡು ಹೇಗೆ ಬರ್ತದೆ ಅಂತ ವಿವರಿಸು ಅಂದೆ. ಹುಡುಗ ಚೆನ್ನಾಗಿಯೇ ವಿವರಿಸಿದ. ಯುಎಫ್‌ಸಿಗೆ ಹೊಸಬರು ಹೋದರೆ ಸಾಮಾನ್ಯವಾಗಿ 12 ಮತ್ತು 12. ಅಂದರೆ ಆಡಿದ್ದಕ್ಕೆ 12,000 ಡಾಲರ್, ಗೆದ್ದರೆ ಇನ್ನೊಂದು 12,000. ಸೋತರೆ ಮೊದಲನೆಯದು ಮಾತ್ರ. ಕಂಪನಿಯ ಬಟ್ಟೆ ಹಾಕಿದ್ದಕ್ಕೆ ಮೊದಲ ಮೂರು ಫೈಟ್‌ಗಳಿಗೆ ತಲಾ 4,000. ಆ ರಾತ್ರಿ ಎಲ್ಲರಿಗಿಂತ ಚೆನ್ನಾಗಿ ಆಡಿದವರಿಗೆ ಬೋನಸ್, ಅದು ಬಹಳ ವರ್ಷ 50,000 ಇತ್ತು. ತೂಕದಲ್ಲಿ ತಪ್ಪಿದರೆ ಸಂಬಳದಲ್ಲಿ ಒಂದು ಪಾಲು ಎದುರಾಳಿಗೆ ಹೋಗುತ್ತದೆ.

ತಂದೆ ಕೊನೆತನಕ ಕೇಳಿದರು. ಆಮೇಲೆ ಒಂದೇ ಪ್ರಶ್ನೆ.

"ಡೀಸೆಲ್ ಯಾರದ್ದು?"

ಮಗನಿಗೆ ಅರ್ಥ ಆಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಆಗಲಿಲ್ಲ.

"ಹತ್ತು ಲಕ್ಷದ ಮೀನು ಹಿಡಿದೆ ಅಂದ್ರೆ ನನ್ನ ಕೈಗೆ ಹತ್ತು ಲಕ್ಷ ಬಂತಾ? ಮೊದಲು ಡೀಸೆಲ್ ತೆಗೀಬೇಕು. ಐಸ್ ಉಂಟು, ರೇಷನ್ ಉಂಟು. ಉಳಿದದ್ದರಲ್ಲಿ ಓನರ್ ಪಾಲು. ಆಮೇಲೆ ನಮ್ಮದು. ನಿನ್ನದರಲ್ಲಿ ಡೀಸೆಲ್ ಹಾಕುದು ಯಾರು?"

ನಾನು ಮೊದಲ ದಿನ ಕ್ಯಾಲ್ಕುಲೇಟರ್ ಹಿಡಿದು ಹೇಳಲು ಹೊರಟದ್ದು ಇದನ್ನೇ. ಅವತ್ತು ಕೋಪ ಮಾಡಿಕೊಂಡವನು ಈಗ ತಾನಾಗಿ ಪೆನ್ನು ತೆಗೆದ.

ಮೂವರೂ ಕೂತು ಒಂದು ವರ್ಷದ ಲೆಕ್ಕ ಹಾಕಿದೆವು. ಎರಡು ಫೈಟ್, ಒಂದು ಗೆಲುವು, ಒಂದು ಸೋಲು. 36,000 ಡಾಲರ್, ಬಟ್ಟೆಯದ್ದು 8,000, ಒಟ್ಟು 44,000. ಅಮೆರಿಕದಲ್ಲಿ ಆಡಿದರೆ ಹೊರದೇಶದವರಿಂದ ಸಾಮಾನ್ಯವಾಗಿ ಶೇಕಡ 30 ತೆರಿಗೆ ಮೊದಲೇ ಹಿಡಿಯುತ್ತಾರೆ. 13,200 ಹೋಯಿತು. ಮ್ಯಾನೇಜರ್ ಮತ್ತು ಜಿಮ್‌ಗೆ ಸೇರಿ ಸಂಬಳದ ಐದರಲ್ಲಿ ಒಂದು ಪಾಲು ಅಂತ ಹಿಡಿದೆವು. 7,200 ಹೋಯಿತು. ಫೈಟ್‌ಗೆ ಮೊದಲಿನ ಎರಡು ತಿಂಗಳ ಒಂದೊಂದು ತರಬೇತಿ ಕ್ಯಾಂಪಿಗೆ ವಿಮಾನ, ರೂಮು, ಊಟ ಸೇರಿ 3,000 ಅಂತ ನಾವೇ ಅಂದಾಜು ಮಾಡಿದೆವು. ಉಳಿದದ್ದು 17,600. ಡಾಲರಿಗೆ 85 ರೂಪಾಯಿ ಹಿಡಿದರೆ ಹತ್ತಿರ ಹತ್ತಿರ 15 ಲಕ್ಷ. ಎರಡೂ ಸೋತರೆ 10 ಲಕ್ಷದ ಆಸುಪಾಸು, ಜೊತೆಗೆ ಕಾಂಟ್ರಾಕ್ಟ್ ಹೋಗುವ ಭಯ.

"ಇದು ಕಮ್ಮಿ ಅಲ್ವಲ್ಲ ಮಾರಾಯ" ಅಂದರು ತಂದೆ. ನಾಲ್ಕು ತಿಂಗಳಲ್ಲಿ ಮಗನಿಗೆ ನೇರವಾಗಿ ಹೇಳಿದ ಮೊದಲ ಒಳ್ಳೆ ಮಾತು. ನಾನು ಸಣ್ಣ ಮೊತ್ತ ಬರಬಹುದು, ಹುಡುಗ ತಣ್ಣಗಾಗಬಹುದು ಅಂತ ಕಾದಿದ್ದೆ. ಲೆಕ್ಕ ನನ್ನ ಮಾತು ಕೇಳಲಿಲ್ಲ.

ಆದರೆ ತಂಡೇಲ ಅಷ್ಟಕ್ಕೆ ಬಿಡುವವರಲ್ಲ. "ಎಷ್ಟು ಬೋಟು ಹೋಗ್ತದೆ? ಎಷ್ಟು ಮೀನು ತುಂಬಿಸಿಕೊಂಡು ಬರ್ತದೆ?"

ಹುಡುಗ ಭಾರತದಿಂದ ಯುಎಫ್‌ಸಿಗೆ ಹೋದವರನ್ನು ಎಣಿಸಿ ಬೆರಳು ಮಡಚಿದ. 2017ರಲ್ಲಿ ಭರತ್ ಖಂಡಾರೆ, ಒಂದೇ ಫೈಟ್, ಸೋಲು. 2023ರ ಫೆಬ್ರವರಿಯಲ್ಲಿ ಅಂಶುಲ್ ಜುಬ್ಲಿ ಏಷ್ಯಾದ ಫೈಟರ್‌ಗಳ ಆಯ್ಕೆ ಟೂರ್ನಿಯಾದ ರೋಡ್ ಟು ಯುಎಫ್‌ಸಿ ಗೆದ್ದು ಕಾಂಟ್ರಾಕ್ಟ್ ಪಡೆದ, ಆಮೇಲಿನ ಎರಡೂ ಸೋತ. 2024ರ ಜೂನ್‌ನಲ್ಲಿ ಪೂಜಾ ತೋಮರ್, ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ. ಒಂದು ಕೈಯ ಬೆರಳು ಮುಗಿಯಲಿಲ್ಲ. ಜುಬ್ಲಿಯ ಎರಡನೇ ಸೋಲು 19 ಸೆಕೆಂಡಿನಲ್ಲಿ ಅಂತ ಮಗನೇ ಹೇಳಿದ. "ಹತ್ತೊಂಬತ್ತು ಸೆಕೆಂಡಾ? ಅದಕ್ಕೂ ಎರಡು ತಿಂಗಳ ಡೀಸೆಲ್ ಹಾಕಬೇಕಲ್ಲ?"

ಮಗನಿಗೆ ನಗು ಬಂತು. ನಕ್ಕವನು ಮುಂದಿನದ್ದನ್ನೂ ತಾನೇ ಹೇಳಿದ. ಬ್ರೆಜಿಲ್‌ನ ಅಲೆಶಾಂದ್ರೆ ಪಂತೋಜ 2023ರ ಜುಲೈಯಲ್ಲಿ ಫ್ಲೈವೇಟ್ ಚಾಂಪಿಯನ್ ಆದ. ಅದಕ್ಕೆ ಒಂದೆರಡು ವರ್ಷ ಮೊದಲು, ಯುಎಫ್‌ಸಿಯಲ್ಲಿ ಆಡುತ್ತಿರುವಾಗಲೇ, ಖರ್ಚು ನೀಗಿಸಲು ಊಟದ ಡೆಲಿವರಿ ಮಾಡುತ್ತಿದ್ದನಂತೆ. ನಾವು ಮಾತಾಡಿದ ಮೇಲೆ, 2025ರ ಡಿಸೆಂಬರ್‌ನಲ್ಲಿ ಪಂದ್ಯ ಶುರುವಾಗಿ 26 ಸೆಕೆಂಡಿಗೆ ಕೈಗೆ ಪೆಟ್ಟಾಗಿ ಅವನ ಚಾಂಪಿಯನ್ ಬೆಲ್ಟ್ ಹೋಯಿತು. ಈ ತೂಕದ ಮಾರುಕಟ್ಟೆಯೇ ಹಾಗೆ. 11 ಸಲ ಬೆಲ್ಟ್ ಉಳಿಸಿಕೊಂಡ ಡಿಮೆಟ್ರಿಯಸ್ ಜಾನ್ಸನ್‌ನನ್ನೇ ಯುಎಫ್‌ಸಿ 2018ರಲ್ಲಿ ಬೇರೆ ಕಂಪನಿಗೆ ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಎಷ್ಟೋ ಫ್ಲೈವೇಟ್‌ಗಳ ಕಾಂಟ್ರಾಕ್ಟ್ ಹೋಯಿತು, ವಿಭಾಗವೇ ಮುಚ್ಚುತ್ತದೆ ಅನ್ನುವ ಮಾತಿತ್ತು. ಚಿಕ್ಕ ಮೈಯವರ ಪಂದ್ಯಕ್ಕೆ ಟಿಕೆಟ್ ಹೋಗುವುದಿಲ್ಲ ಅನ್ನುವ ನಂಬಿಕೆ.

ನಾನೂ ಒಂದು ಸೇರಿಸಿದೆ. ಸಂಬಳ ತಗ್ಗಿಸಿಟ್ಟಿದೆ ಅಂತ ಫೈಟರ್‌ಗಳು 2014ರಲ್ಲಿ ಯುಎಫ್‌ಸಿ ಮೇಲೆ ಹಾಕಿದ ಕೇಸು 37.5 ಕೋಟಿ ಡಾಲರಿಗೆ ರಾಜಿಯಾಗಿ 2025ರಲ್ಲಿ ಕೋರ್ಟಿನ ಒಪ್ಪಿಗೆ ಸಿಕ್ಕಿತು. ಕಂಪನಿಯ ಆದಾಯದಲ್ಲಿ ಫೈಟರ್‌ಗಳಿಗೆ ಬರುವುದು ಶೇಕಡ 20ರ ಆಸುಪಾಸು, ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರಿಗೆ ಅರ್ಧದಷ್ಟು ಅನ್ನುವುದು ಅಲ್ಲಿ ಎದ್ದ ಮಾತು. ತಂದೆ ತಲೆಯಾಡಿಸಿದರು. "ಓನರ್ ಪಾಲು ಜಾಸ್ತಿ."

ಹುಡುಗ ನೀರು ಕುಡಿಯಲು ಹೊರಗೆ ಹೋದ. ಆಗ ತಂದೆ ದನಿ ತಗ್ಗಿಸಿದರು. "ದುಡ್ಡಿನ ಮಾತಲ್ಲ ಮೇಡಂ. ಅವನ ಫೈಟಿನ ವಿಡಿಯೋ ನೋಡಿದೆ. ಕಡಲಲ್ಲಿ ನಾನು ಬಿದ್ರೆ ಹಿಂದೆ ಹಾರಲಿಕ್ಕೆ ಜನ ಉಂಟು. ಅಲ್ಲಿ ಬಿದ್ದವನ ಮೇಲೆ ಕೂತು ಹೊಡೀತಾರೆ."

ಇದನ್ನು ಮಗನಿಗೆ ಹೇಳಿದ್ದೀರಾ ಅಂತ ಕೇಳಿದೆ. ಇಲ್ಲ. ಹೇಳಿದ್ದು "ಚಿನ್ನ ಕೊಡುವುದಿಲ್ಲ" ಅಂತ ಮಾತ್ರ. ಮಗ ಬಂದ ಮೇಲೆ ಇದನ್ನೇ ಹೇಳಿ ಅಂದೆ. ಹೇಳಿದರು, ತಡವರಿಸಿಕೊಂಡು, ಕಿಟಕಿ ನೋಡಿಕೊಂಡು. ಮಗ ಕೆಳಗೆ ಬಿದ್ದಾಗ ತಲೆ ಹೇಗೆ ಮುಚ್ಚಿಕೊಳ್ಳುವುದು, ರೆಫರಿ ಯಾವಾಗ ನಡುವೆ ಬರುತ್ತಾನೆ ಅಂತ ಕೈಯಲ್ಲಿ ಮಾಡಿ ತೋರಿಸಿದ. ತಂದೆಗೆ ಸಮಾಧಾನ ಆಯಿತು ಅಂತ ನನಗೆ ಅನಿಸಲಿಲ್ಲ. ನೋಡಿದರು, ಅಷ್ಟೇ.

ಆಮೇಲೆ ಕೊಟ್ಟ ಸಲಹೆ ಹೀಗೆ. ತಾಯಿಯ ಚಿನ್ನ ಮುಟ್ಟುವ ಹಾಗಿಲ್ಲ. ಹುಡುಗ ಬೆಳಗ್ಗಿನ ಕೆಲಸ ಬಿಡುವ ಹಾಗಿಲ್ಲ. ಆದರೆ ಫೈಟ್ ಬಿಡು ಅಂತ ಮನೆಯಲ್ಲಿ ಯಾರೂ ಹೇಳುವ ಹಾಗೂ ಇಲ್ಲ. ಎರಡು ವರ್ಷ, ಅವನೇ ಒಪ್ಪಿದ ಗಡುವು. ಅಷ್ಟರಲ್ಲಿ ಎಷ್ಟು ಫೈಟ್, ಎಂಥ ಎದುರಾಳಿ ಅನ್ನುವ ಗುರಿಯನ್ನು ಅವನು ಮತ್ತು ಕೋಚ್ ಬರೆದಿಡಬೇಕು. 2026ರ ಐಚಿ-ನಗೊಯಾ ಏಷ್ಯನ್ ಗೇಮ್ಸ್‌ಗೆ ಎಂಎಂಎ ಸೇರಿದೆ, ಹಾಗಾಗಿ ದೇಶದ ತಂಡದ ದಾರಿಯನ್ನೂ ವಿಚಾರಿಸಬೇಕು. ಅದನ್ನು ಕೇಳಿ ತಂದೆ ನೆಟ್ಟಗೆ ಕೂತರು. ಕಬಡ್ಡಿಯಿಂದಾಗಿ ಏಷ್ಯನ್ ಗೇಮ್ಸ್ ಅವರಿಗೆ ಗೊತ್ತಿತ್ತು. ಯಾವ ಕಾಂಟ್ರಾಕ್ಟಿಗೂ ವಕೀಲರಿಗೆ ತೋರಿಸದೆ ಸಹಿ ಇಲ್ಲ. ಬಾಲಿಯ ಮಾತು, ಅವನದೇ ಉಳಿತಾಯ ಆದಾಗ. ಇನ್ನೊಂದು: ಫೈಟಿನ ಪ್ರತಿ ರೂಪಾಯಿಯ ಲೆಕ್ಕ ಬರೆಯಬೇಕು, ಬೋಟಿನ ಪುಸ್ತಕದ ಹಾಗೆ, ಮತ್ತು ಅದನ್ನು ಅಪ್ಪ ನೋಡಬೇಕು.

ಹಳೆಯ ಎರಡು ಫೈಟಿನ ಲೆಕ್ಕ ಅಲ್ಲೇ ಬರೆದೆವು. ಬಂದದ್ದು ಒಟ್ಟು 45,000 ರೂಪಾಯಿ. ರೈಲು, ರಕ್ತಪರೀಕ್ಷೆ, ಕೋಚ್‌ನ ಖರ್ಚು, ಗ್ಲೌಸ್, ಪ್ರೋಟೀನ್ ಪುಡಿ ಸೇರಿ ಹೋದದ್ದು 61,000. ಎರಡೂ ಗೆದ್ದ ಫೈಟ್‌ಗಳು ಅನ್ನುವುದನ್ನು ಯಾರೂ ನೆನಪಿಸಲಿಲ್ಲ.

ಅಕ್ಟೋಬರ್‌ನಲ್ಲಿ ಹುಡುಗ ಒಬ್ಬನೇ ಬಂದ. ಸ್ಕ್ಯಾನ್ ಸರಿಯಾಗಿತ್ತು, ಸ್ಪಾರಿಂಗ್ ವಾರಕ್ಕೆ ಒಂದೇ ದಿನ. 61.2 ಕಿಲೊಗೆ ಬದಲಿಸಿಕೊಂಡಿದ್ದ. ಮೊದಲ ಫೈಟ್ ಸೋತಿದ್ದ, ಪಾಯಿಂಟ್ಸ್‌ನಲ್ಲಿ. ಎದುರಾಳಿ ನಿಜವಾಗಿಯೂ ಎತ್ತರ ಇದ್ದನಂತೆ. ಆದರೆ ತೂಕದ ದಿನವೂ ಗಂಜಿ ಕುಡಿದಿದ್ದೆ ಅಂದ.

ಲೆಕ್ಕದ ಪುಸ್ತಕ ತೋರಿಸಿದ. ಒಂದು ಸಾಲು ಬೇರೆ ಕೈಬರಹದಲ್ಲಿತ್ತು, ಬಾಲ್‌ಪೆನ್ನು ಒತ್ತಿ ಒತ್ತಿ ಬರೆದ ಅಕ್ಷರ. ಸೋತು ಬಂದ ರಾತ್ರಿ ಬಾತುಕೊಂಡ ಕಾಲಿಗೆ ತಂದೆ ದಕ್ಕೆಯಿಂದ ಬಕೆಟ್ ತುಂಬ ಐಸ್ ತಂದಿದ್ದರಂತೆ. ಪುಸ್ತಕದಲ್ಲಿ ಬರೆದಿದ್ದರು: "ಐಸ್ – ಬೋಟಿನದ್ದು. ಲೆಕ್ಕಕ್ಕೆ ಹಿಡಿಯಬೇಡ."